ತವರಿನ ಬುತ್ತಿ, ಮಾಲಿನ ದೋಸೆ

ಶಿರಸಿ ಬಸ್ ನಿಲ್ದಾಣದಲ್ಲಿ ಯಲ್ಲಾಪುರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಬನವಾಸಿ ಕಡೆಯಿಂದ ಬಂದ ಗಂಡ ಹೆಂಡತಿ. ಆಕೆಯ ಮಡಿಲಲ್ಲಿ ದೊಡ್ಡ ಬುತ್ತಿಗಂಟು.

“ಹುಬ್ಬಳ್ಳ್ಯಾಗ ಇಳಿದು ಮಾಲಿನ ಫುಡ್ ಕೋರ್ಟಿಗೆ ನಾ ಬರೂದಿಲ್ರಿ. ನೀವು, ದಾಕ್ಷಾಯಿಣಿ ಹೋಗ್ರಿ.”

“ಮಗಳು ಮೊದಲನೇ ಪಗಾರದಾಗ ಉಣಸ್ತೀನಿ ಅಂತಾಳ. ಅವ್ವನೇ ಬರಲಿಲ್ಲಂದ್ರ ಆಕಿ ಗಂಟಲದಾಗ ತುತ್ತು ಇಳೀತೈತೇನು?”

“ಈ ಬುತ್ತಿ ಏನು ಮಾಡ್ಲಿ? ಅಲ್ಲಿ ಹೊರಗಿಂದು ಬಿಚ್ಚಗೊಡೂದಿಲ್ಲಂತ.”

“ಮನಿಗೆ ಒಯ್ದು ಉಂಡರಾತು.”

“ತವರಿನ ಬುತ್ತಿ ದಾರ್ಯಾಗ ಮುಗೀಬೇಕ್ರಿ. ಉಳಿಸ್ಕೊಂಡು ಮನಿ ಹೊಸ್ತಿಲ ದಾಟಬಾರದು ಅಂತಿದ್ಲು ನಮ್ಮವ್ವ.”

“ಹಂಗಾರ ಬಸ್ಸಿನಾಗ ಉಣ್ಣೂಣು.”

“ಇಷ್ಟೂ ಉಂಡು, ಆಮ್ಯಾಲ ಅಲ್ಲಿ ಹೋಗಿ ಬರೇ ವಾಸನಿ ಕುಡಿಯೂದೇನು?”

“ಅಂದ್ರ ಹೋಗೂ ಆಸೆ ನಿನಗೂ ಐತಿ!”

ಆಕೆ ಸೆರಗು ಬಾಯಿಗಿಟ್ಟು ನಕ್ಕರು. “ಏನೇನೋ ನಮೂನಿ ದ್ವಾಸಿ ಮಾಡ್ತಾರಂತ್ರಿ. ಮಗಳು ಫೋಟೋ ಕಳಿಸ್ಯಾಳ.”

“ಮತ್ತ ಬುತ್ತಿ ನಾವಿಬ್ಬರೇ ಉಣ್ಣಬೇಕಂತ ನಿಮ್ಮವ್ವ ಹೇಳಿದ್ಲೇನು?”

ಆಕೆ ಗಂಟು ಬಿಚ್ಚಿದರು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಪರಿಮಳ ಹರಡಿತು.

“ಯಣ್ಣಾ, ಕೈ ಒಡ್ಡ್ರಿ. ತವರಿಂದು, ಒಲ್ಲೆ ಅನಬ್ಯಾಡ್ರಿ.”

ತೀರ್ಥಕ್ಕೆ ಒಡ್ಡುವ ಹಾಗೆ ಕೈ ಒಡ್ಡಿದೆ. ಬೆಂಚಿನಲ್ಲಿದ್ದ ಎಲ್ಲರಿಗೂ ರೊಟ್ಟಿ ಸಿಕ್ಕಿತು. ಒಬ್ಬರು ಎಣ್ಣೆಗಾಯಿಯನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡರು. ಅಷ್ಟರಲ್ಲಿ ಹುಬ್ಬಳ್ಳಿ ಬಸ್ ಬಂತು. ಆಕೆ ಬರಿದಾದ ಬಟ್ಟೆಯನ್ನು ಕೊಡವಿ ಬಗಲಿಗೆ ಸಿಕ್ಕಿಸಿಕೊಂಡು, ಗಂಡನಿಗಿಂತ ಮೊದಲೇ ಓಡಿ ಹತ್ತಿದರು.