ಟೈಲರಕ್ಕ ಹೊರಡದ ಚಾರಣ

ಹಾಳುಬಾವಿ ದಾಟಿ ಬರುವಾಗ ನಮ್ಮ ಪಕ್ಕದ ಮನೆ ಟೈಲರಕ್ಕನಿಗೆ ಆಗಿದ್ದು ಇದು. ಸುಳ್ಳಾದ್ರೆ ನನ್ನ ನಾಲಿಗೆ ಬಿದ್ದುಹೋಗ್ಲಿ.

ಅವಳಿಗೆ ಒಂದೇ ಹುಚ್ಚು. ಜ್ವಾಲಾಮುಖಿ ಬೆಟ್ಟಗಳ ಸೀಮೆಯಲ್ಲಿ ನಡೀಬೇಕು, ದಿನಾ ಸಂಜೆ ಒಂದೊಂದು ಗುಡಿಸಲು ಸೇರಿ ಮಲಗಬೇಕು. ಮದುವೆಯಾದಾಗಿನಿಂದ ನಕಾಶೆ ಹರಡಿದ್ದೇ ಹರಡಿದ್ದು. ಲೈನ್‌ಮ್ಯಾನ್ ಗಂಡ "ಮುಂದಿನ ವರ್ಷ ಹೋಗೋಣ ಬಿಡು" ಅಂತಿದ್ದ. ಒಂದು ವರ್ಷ ರಜೆಯಿಲ್ಲ, ಇನ್ನೊಂದು ವರ್ಷ ಮಂಡಿನೋವು. ಹಾಗೆ ಅಂತಂತಲೇ ಒಂದಿನ ಎದೆ ಹಿಡ್ಕೊಂಡು ಹೋಗೇಬಿಟ್ಟ.

ಅಕ್ಕ ಹಟಕ್ಕೆ ಬಿದ್ದಳು. ಗುಡಿಸಲುಗಳನ್ನೆಲ್ಲ ತಾನೇ ಬುಕ್ ಮಾಡಿದಳು. ನೀರೆಲ್ಲಿ ಸಿಗುತ್ತೆ, ಬೂದಿಯ ಇಳಿಜಾರು ಯಾವ ಹೊತ್ತಲ್ಲಿ ದಾಟಬೇಕು, ಎಲ್ಲ ಬಾಯಿಪಾಠ. ಅಭ್ಯಾಸಕ್ಕೆ ಅಂತ ಬೆನ್ನುಚೀಲಕ್ಕೆ ಬಟ್ಟೆಗಂಟು ತುರುಕಿಕೊಂಡು ಅಂಗಡಿಯಿಂದ ಮನೆಗೆ ನಡೀತಿದ್ದಳು.

ಅವತ್ತು ಅಂಗಡಿ ಮುಚ್ಚುವಾಗ ತಡವಾಗಿತ್ತು. ಬಾವಿ ಹತ್ರ ಬಂದಳು... ಹಿಂದೆ ಚರಕ್... ಚರಕ್... ಜಲ್ಲಿಕಲ್ಲಿನ ಮೇಲೆ ಕಾಲೆಳೆಯೋ ಸದ್ದು. ನಿಂತಳು. ಅದೂ ನಿಂತಿತು. ಬಾವಿಯೊಳಗೆ ಒಂದು ಹನಿ... ಟಳಕ್. ಚೀಲ ಇದ್ದಕ್ಕಿದ್ದಂತೆ ಭಾರವಾಯ್ತು, ಯಾರೋ ಜೋತುಬಿದ್ದ ಹಾಗೆ.

ಕಿವಿ ಪಕ್ಕದಲ್ಲೇ ಪಿಸುದನಿ. "ಮುಂದಿನ ವರ್ಷ ಹೋಗೋಣ ಬಿಡು..."

ಅವನದೇ. ಅದೇ ಸಿಗರೇಟಿನ ವಾಸನೆ.

"ಬದುಕಿದ್ದಾಗ್ಲೂ ಬಿಡ್ಲಿಲ್ಲ... ಈಗ್ಲೂ ಬಿಡಲ್ವಾ?" ಅಕ್ಕ ತಿರುಗದೆಯೇ ಕೇಳಿದಳು.

"ಒಬ್ಳೇ ಬೇಡ ಕಣೇ... ನನ್ನಾಣೆ."

ಅಷ್ಟಕ್ಕೇ ಅಕ್ಕ ಕರಗಿಹೋದಳು. ಸತ್ತ ಮೇಲೂ ನನ್ನ ಚಿಂತೆ ಇದೆಯಲ್ಲ ಅಂತ ರಾತ್ರಿಯೆಲ್ಲ ಅತ್ತಳು. ಬೆಳಗ್ಗೆ ಎದ್ದವಳೇ ಎಲ್ಲ ಕ್ಯಾನ್ಸಲ್ ಮಾಡಿಸಿದಳು.

ಹೊರಡಬೇಕಿದ್ದ ವಾರ ಕಳೀತು. ಕೊನೇ ಗುಡಿಸಲು ನೋಡ್ಕೊಳ್ಳುವವನ ಫೋನ್ ಬಂತು.

"ಅಮ್ಮಾ, ನಿಮ್ಮ ಯಜಮಾನ್ರು ಸುಖವಾಗಿ ಮನೆ ಸೇರಿದ್ರಾ?"

"ನಮ್ಮ... ಯಜಮಾನ್ರಾ?"

"ಹೂಂ, ಲೈನ್‌ಮ್ಯಾನ್ ಅಂದ್ರಲ್ಲ. ಈ ನಂಬರ್ ಅವರೇ ಕೊಟ್ಟಿದ್ದು. ನೀವು ಕ್ಯಾನ್ಸಲ್ ಮಾಡಿದ ಜಾಗದಲ್ಲೇ ಮಲಗಿದ್ರು. ಹೆಂಡ್ತಿಗೆ ಇದೆಲ್ಲ ಇಷ್ಟ ಇಲ್ಲ, ಅದಕ್ಕೇ ಒಬ್ನೇ ಬಂದೆ ಅಂದ್ರು. ಶಿಳ್ಳೆ ಹಾಕ್ಕೊಂಡು ಇಳಿದುಹೋದ್ರು."

ಅಕ್ಕ ಈ ಸಲ ಅಳಲಿಲ್ಲ. ಫೋನಿಟ್ಟು ನನ್ನನ್ನ ಕೂಗಿದಳು. ಇಬ್ಬರೂ ಅಟ್ಟ ಹತ್ತಿದೆವು. ಚಾರಣಕ್ಕೆ ಅಂತ ಅಕ್ಕ ಅವನಿಗೆ ತಂದಿದ್ದ, ಅವನು ಒಮ್ಮೆಯೂ ಕಾಲಿಗೆ ಹಾಕದ ಬೂಟು ಅಲ್ಲಿತ್ತು. ಹಿಮ್ಮಡಿ ಸವೆದಿತ್ತು. ಬಗ್ಗಿಸಿದಳು... ಸುರ್‍ರಂತ ಕಪ್ಪು ಬೂದಿ ಸುರೀತು.

ನಾನೇ ಮುಟ್ಟಿ ನೋಡ್ದೆ, ನನ್ನ ಕಣ್ಣಾಣೆ... ಇನ್ನೂ ಬಿಸಿಯಿತ್ತು.