ಬಿಂದುಮಾಧವರಾಯರ ಪ್ರೀಆಂಪ್

ದನಿ ಸಣ್ಣ ಮಾಡಿ ಹೇಳತೀನಿ, ಒಳಗ ಕೂಸು ಮಲಗ್ಯದ... ಇದು ನಮ್ಮ ಕಾಕಾನ ಮಗ ಪ್ರಭಾಕರಗ ಆದದ್ದು. ಎಂಬತ್ತೆಂಟನೇ ಇಸವಿ. ನಾಶಿಕದಾಗ ಬ್ಯಾಂಕ್ ನೌಕರಿ ಅವಂದು.

ಫ್ಯಾಕ್ಟರಿ ಏರಿಯಾ ಸಾತಪುರದಿಂದ ಅವನ ಮನಿ ಇದ್ದ ಗಂಗಾಪುರ ರಸ್ತೆ ಕಡೆ ಬರಬೇಕಾದ್ರ ಆಗ ಎರಡೂ ಬಾಜು ದ್ರಾಕ್ಷಿ ತ್ವಾಟ. ನಡುವ ಒಂದು ಹಳೇ ಕಲ್ಲಿನ ಬಾವಿ. ರಾತ್ರಿ ಪಾಳಿ ಬಿಟ್ಟು ಲೂನಾ, ಸ್ಕೂಟರ್ ಎಲ್ಲಾ ಹೋಗಿ ಮುಗದಿದ್ವು. ಪ್ರಭಾಕರ ಒಬ್ಬನೇ ಸೈಕಲ್ ನೂಕಿಕೊಂಡು ಬರತಿದ್ದ. ಹತ್ತಿ ಬರಬಹುದಿತ್ತು... ಹತ್ತಲಿಲ್ಲ. ಕ್ಯಾರಿಯರ್ ಮ್ಯಾಲೆ ಬಿಂದುಮಾಧವರಾಯರ ಪೆಟ್ಟಿಗಿ ಇತ್ತು. ಅದಕ್ಕ ಧಕ್ಕೆ ಆಗಬಾರದು.

ರಾಯರು ಅವನ ಮಗ್ಗಲ ಮನಿಯವರು. ವಿಜಾಪುರ ಕಡೆಯವರು, ಸೆಂಟ್ರಲ್ ಗವರ್ನಮೆಂಟ್ ನೌಕರಿ, ಬದಲಿ ಆಗಿ ಬಂದಿದ್ರು. ಮಕ್ಕಳಿಲ್ಲ. ಹೆಂಡತಿ ವಸುಧಾ ವೈನಿ, ಮತ್ತ ಒಂದು ರೆಕಾರ್ಡ್ ಪ್ಲೇಯರ್, ಇಷ್ಟ ಅವರ ಸಂಸಾರ. ಹಾಡಿನ ಹುಚ್ಚು ರಾಯರಿಗೆ. ಆದ್ರ ಹಾಡು ಶುರು ಆಗೂಕಿಂತ ಮೊದಲ ಸ್ಪೀಕರಿನಾಗ "ಗುಂಯ್..." ಅಂತ ಒಂದು ಸಪ್ಪಳ. ಮನಿ ಕರೆಂಟಿನ ಸಪ್ಪಳ ಅದು. ಅವರಿಗೆ ಅದನ್ನ ತಡಕೊಳ್ಳಲಿಕ್ಕೆ ಆಗತಿರಲಿಲ್ಲ. ರೆಕಾರ್ಡಿನ ಸಣ್ಣ ಧ್ವನಿ ಎತ್ತಿ ಕೊಡೋ ಪೆಟ್ಟಿಗಿಗೆ ಪ್ರೀಆಂಪ್ ಅಂತಾರ. ಸಾತಪುರದಾಗ ಜಯಕರ ಅಂತ ಒಬ್ಬ ಕಾರವಾರದ ಇಂಜಿನಿಯರ್ ಇದ್ದ. ಕರೆಂಟಿನ ಹಂಗಿಲ್ಲದ, ಬರೇ ಬ್ಯಾಟರಿ ಮ್ಯಾಲೆ ನಡೆಯೋ ಪ್ರೀಆಂಪ್ ಮಾಡಿಕೊಡತೀನಿ, ಫಾರಿನ್ ಮಾಲಿಗಿಂತ ಒಂದು ಕೈ ಮ್ಯಾಲ ಇರತದ ಅಂದ.

ಆ ಮಳೆಗಾಲ ಪೂರಾ ರಾಯರದು ಅದ ಮಾತು. "ವಸುಧಾ, ಅದೊಂದು ಬರಲಿ. ಹಾಡವ್ರು ಉಸಿರು ತಗೊಳ್ಳೋದೂ ಕೇಳಸತದ."

ಒಂದು ರಾತ್ರಿ ವೈನಿಗೆ ಸಾಕಾತು. "ನಾನೂ ಉಸಿರಾಡತೀನ್ರಿ ಈ ಮನ್ಯಾಗ. ಅದು ಕೇಳಸೂದಿಲ್ಲ ನಿಮಗ."

ರಾಯರು ರೆಕಾರ್ಡ್ ಪ್ಲೇಯರ್ ಬಂದ್ ಮಾಡಿದ್ರು. ಹೋಗಿ ಮಲಗಿದ್ರು... ಮುಂಜಾನೆ ಏಳಲಿಲ್ಲ.

ಕರ್ಮ ಎಲ್ಲಾ ಮುಗದು, ಬಂದ ಮಂದಿ ತಿರುಗಿ ಹೋದ ಮ್ಯಾಲೆ ಜಯಕರ ಬ್ಯಾಂಕಿಗೆ ಫೋನ್ ಮಾಡಿದ. ಪೆಟ್ಟಿಗಿ ತಯಾರಾಗ್ಯದ ಅಂತ. ಪ್ರಭಾಕರ ಅಳುಕುತ್ತ ವೈನಿಗೆ ಹೇಳಿದ. "ತಗೊಂಡು ಬಾ" ಅಂದ್ರು ಅವರು. "ಅವರು ಕಾಯಲಿಕ್ಕೆ ಹತ್ಯಾರ."

ಹಿಂಗಾಗಿ ಆ ರಾತ್ರಿ ಅವಾ ಆ ಬಾವಿ ಹತ್ರ ಬಂದಿದ್ದ. ಸ್ಕೂಟರಿಗೆ ಹಾಕೋವಂಥಾ ಎರಡು ಬ್ಯಾಟರಿ ಹ್ಯಾಂಡಲಿಗೆ ಚೀಲದಾಗ ಜೋತಿದ್ವು. ಫ್ರೀವೀಲ್ ಟಿಕ್ ಟಿಕ್ ಟಿಕ್... ಹಿಂದ ಪೆಟ್ಟಿಗಿ ಖಡ ಖಡ ಖಡ...

ಒಮ್ಮೆಲೇ ಖಡ ಖಡ ನಿಂತಿತು.

ರಸ್ತೆ ಹಂಗ ಇತ್ತು, ಬರೇ ತೆಗ್ಗು. ಪೆಟ್ಟಿಗಿ ಮಾತ್ರ ಅಲಗವಲ್ದು. ಯಾರೋ ಹಿಂದಿನಿಂದ ಎರಡೂ ಕೈಲೆ ಹಿಡದಂಗ. ಆಮ್ಯಾಲೆ ಚಪ್ಪಲಿ ಸಪ್ಪಳ. ಪಟ್... ಸರ... ಪಟ್... ಸರ... ಒಂದು ಕಾಲು ಎಳೆಯೋ ನಡಿಗಿ. ರಾಯರು ಹಂಗ ನಡೀತಿದ್ರು.

ಅವಾ ಹೊಳ್ಳಿ ನೋಡಲಿಲ್ಲ.

"ಬಂತು?" ಪಿಸುಮಾತು.

"ಬಂತ್ರಿ."

ಪಟ್... ಸರ...

"ವಸುಧಾ ಉಂಡಳೇನು?"

"ಇಲ್ರಿ... ಈಗ ಸರಿಯಾಗಿ ಉಣ್ಣೂದ ಇಲ್ಲ ಅವರು."

ಟಿಕ್ ಟಿಕ್ ಟಿಕ್... ಪಟ್... ಸರ...

"ನಡುವಿನ ಕುರ್ಚಿ ಮ್ಯಾಲೆ... ಆಕಿ ಕೂಡಲಿ."

ಎರಡೂ ಸ್ಪೀಕರಿನ ಧ್ವನಿ ಬಂದು ಕೂಡೋ ಜಾಗಾ ಅದು. ರಾಯರು ಇರೋತನಕ ಅಲ್ಲಿ ಮತ್ತೊಬ್ಬರನ್ನ ಕೂಡಗೊಟ್ಟವರಲ್ಲ.

ತ್ವಾಟ ಮುಗದು ಬೀದಿ ದೀಪ ಬಂತು. ಪೆಟ್ಟಿಗಿ ಮತ್ತ ಖಡ ಖಡ ಅನ್ನಲಿಕ್ಕೆ ಹತ್ತಿತು.

ವೈನಿ ಬಾಗಲದಾಗ ನಿಂತಿದ್ರು. ಅವಾ ಏನೂ ಮುಚ್ಚಿಡಲಿಲ್ಲ, ಎಲ್ಲಾ ಹೇಳಿದ. ಅವರು ಅಳಲಿಲ್ಲ. "ಜಯಕರ ನಾಳೆ ಬಂದು ಹಚ್ಚಿಕೊಡತೀನಿ ಅಂದಾರ" ಅಂತ ಅವಾ ಅಂದ್ರ, "ನಾಳೆತನಕ ಯಾಕ, ಈಗ ಹಚ್ಚು" ಅಂದ್ರು.

ಕೆಂಪು ವಾಯರ್ ಕೆಂಪಿಗೆ, ಕರೇದು ಕರೇದಕ್ಕ. ಸ್ವಿಚ್... ಟಕ್.

ಗುಂಯ್ ಇಲ್ಲ. ಏನೂ ಇಲ್ಲ... ನಡುರಾತ್ರಿಯ ಗುಡಿಯಂಥಾ ಶಾಂತ. ಮುಳ್ಳು ಇಳೀತು. ತಂಬೂರಿ ಎದ್ದಿತು, ನಾಲ್ಕೂ ತಂತಿ ಬ್ಯಾರೆ ಬ್ಯಾರೆ. ಆಮ್ಯಾಲೆ ಒಂದು ಉಸಿರು. ಇಲ್ಲೇ ಮಗ್ಗಲಿಗೆ ಕೂತು ಒಳಗ ಎಳಕೊಂಡಂಗ...

ವೈನಿ ನಡುವಿನ ಕುರ್ಚಿ ಮ್ಯಾಲೆ ಕೂತಿದ್ರು. "ಇದಕ್ಕ ಕಾಯತಿದ್ರೇನು ನೀವು..." ಅಂದ್ರು. ಪ್ರಭಾಕರಗ ಅಂದದ್ದಲ್ಲ ಅದು. ಆಗ ಅತ್ರು. ರೆಕಾರ್ಡ್ ಮುಗದು ಮುಳ್ಳು ಟಪ್... ಟಪ್... ಅಂತ ತಿರುಗತಿತ್ತು, ಅದನ್ನ ಎತ್ತಿಡಲಿಕ್ಕೆ ಇಬ್ಬರಿಗೂ ಕೈ ಬರಲಿಲ್ಲ. ಕಡೀಕ ವೈನಿ ಎದ್ದು, ಒಂದು ತುತ್ತು ಮೊಸರನ್ನ ಕಲಸಿಕೊಂಡು ಉಂಡ್ರು.

ಮುಂಜಾನೆ ಜಯಕರ ಬಂದ, ಕೈಯಾಗ ಒಂದು ಪ್ಲಾಸ್ಟಿಕ್ ಕ್ಯಾನ್ ಹಿಡಕೊಂಡು. ಹಚ್ಚಿದ ವಾಯರ್ ನೋಡಿ, "ಯಾರು ಹಚ್ಚಿದ್ರು?" ಅಂತ ಕೇಳಿದ.

"ನಾನರಿ. ರಾತ್ರಿ ರೆಕಾರ್ಡಿನ ಒಂದು ಬಾಜು ಪೂರಾ ಕೇಳಿದ್ವಿ."

ಜಯಕರ ಅವನ ಮುಖ ನೋಡಿದ. "ಹೆಂಗ ಕೇಳಿದ್ರಿ? ಹೊಸಾ ಬ್ಯಾಟರಿ ಇವು. ಆಸಿಡ್ ಇಲ್ಲದ ಇವು ನಡಿಯೂದಿಲ್ಲ. ಅದನ್ನ ಈಗ ತಂದೀನಿ... ಇನ್ನೂ ಹಾಕಬೇಕು."

ನೀವು ನಂಬ್ರಿ, ಬಿಡ್ರಿ. ಪ್ರಭಾಕರ ಸುಳ್ಳು ಹೇಳೋ ಪೈಕಿ ಅಲ್ಲ. ಮುಂದ ಸೊಲ್ಲಾಪುರದಾಗ ವಸುಧಾ ವೈನಿಯನ್ನೂ ಕಂಡು ನಾನ ಸ್ವತಃ ಕೇಳೀನಿ. ಹೌದು ಅಂದ್ರು. ಜಯಕರ ಬ್ಯಾಟರಿ ಬಾಯಿಯ ಬಿರಡಿ ತಗದಾಗ ಅವರೂ ಬಗ್ಗಿ ನೋಡಿದ್ರಂತ. ಎರಡೂ ಬ್ಯಾಟರಿ ಒಳಗ ಒಣಾ ಇದ್ವು.