ಹಿಂದಿನ ಗಾಲಿಯ ಹೊಗೆ

...ಅಲ್ಲವಾ, ಅದು ನಿನ್ನ ತಪ್ಪು ಹೆಂಗಾಗ್ತೈತಿ? ಹೇಳಾಕತ್ತೇನಲ್ಲ, ಗಾಡೀದು ತಪ್ಪು! ನಮ್ಮದು ಹಿಂದಿನ ಎರಡ ಗಾಲಿಯಿಂದ ಓಡೋ ಗಾಡಿ. ಚಡಚಣದ ಆ ಅನೀಲಕುಮಾರಂದು ನಾಕೂ ಗಾಲಿಯಿಂದ ಓಡೋದು. ನಿಂತ ಜಾಗಾದಿಂದ ಜಿಗದು ಓಡೋ ರೇಸಿನ್ಯಾಗ ನಾಕ ಗಾಲೀದು ಮುಂದ ಹೋಗೂದ. ಅದಕ್ಯಾಕ ಮಾರಿ ಇಳೇಬಿಟ್ಕೊಂಡ ಕುಂತಿ, ಮೆಹನಾಜ? ರೇಸ ಸೋತು ನಾಲತವಾಡದಿಂದ ಸಿಂದಗೀಮಟ ಒಂದ ಮಾತ ಆಡಿಲ್ಲ. ಕ್ರೇನಿನ್ಯಾಗ ಈ ಅಪ್ಪನ ಬಾಜೂಕ ಕುಂತು ಬರೇ ಕಿಡಕ್ಯಾಗ ನೋಡಿದಿ. ಈಗ ಗಾಡಿ ಇಳಿಸಿ ಗ್ಯಾರೇಜಿನ ಮುಂದ ನಿಲ್ಲಿಸೇವಿ, ಇನ್ನರ ಬಾಯಿ ಬಿಡು.

ಯಾಕ ನಗ್ತಿ? ನಾ ಸುಳ್ಳ ಹೇಳಾಕತ್ತೇನಾ? ಕೇಳಿಲ್ಲೆ. ಗಾಡಿ ಜಿಗಿಯೋ ಹೊತ್ತಿಗೆ ಭಾರೆಲ್ಲಾ ಹಿಂದಕ್ಕ ಬರ್ತೈತಿ, ಹೌದಿಲ್ಲೋ? ಹಿಂದಿನ ಗಾಲಿಗೆ ಹಿಡತ ಸಿಗ್ತೈತಿ, ಖರೆ. ಆದ್ರ ಮುನ್ನೂರು ಕುದರಿ ಶಕ್ತಿ ಎರಡ ಟಾಯರ ಮ್ಯಾಲ ಬಿದ್ರ ಅವು ತಡಕೋತಾವೇನ? ಜಾರ್ತಾವ. ಹೊಗಿ ಬಿಡ್ತಾವ. ಅಷ್ಟರಾಗ ಅಂವ ಆ ಶಕ್ತಿ ನಾಕೂ ಗಾಲಿಗೆ ಹಂಚಿ ಕವಣಿ ಕಲ್ಲಿನಂಗ ಹೋಗಿಬಿಡ್ತಾನ! ಅರವತ್ತರ ಸ್ಪೀಡ ಮುಟ್ಟೂಮಟ ಅವಂದ ರಾಜ್ಯ. ಆಮ್ಯಾಲ ನಿಂದು! ಅವನ ಗಾಡಿ ಒಜ್ಜಿ, ಮುಂದಿನ ಗಾಲಿಗೊಂದು ಬ್ಯಾರೇ ಶಾಫ್ಟ ತಿರಗಸಬೇಕು, ಅದೊಂದಿಷ್ಟು ಶಕ್ತಿ ತಿಂತೈತಿ... ಕಡೀಕ ನೀ ಹೆಂಗ ಬಂದಿ ಅಂತಿ! ನಾ ರೇಸ ಮುಗಿಯೋ ಗೆರಿ ಹತ್ರನ ನಿಂತಿದ್ದೆ. ಇನ್ನೊಂದು ನೂರು ಮೀಟರ ರಸ್ತಾ ಇದ್ದಿದ್ರ ಅವನ್ನ ಹಿಂದ ಹಾಕ್ತಿದ್ದಿ. ನಾಕನೂರು ಮೀಟರಿಗೇ ಮುಗಿಸಿದ್ರು, ಏನ ಮಾಡೂದು!

ಬೆರಳ ಯಾಕ ತೋರಸ್ತಿ? ಒಂದು... ಹಾಂ, ಮುಂಜಾನಿದು ಮೊದಲನೇ ಓಟ. ಗೊತ್ತೈತಿ, ಗೊತ್ತೈತಿ. ಇದ ಗಾಡಿ, ಅದ ಹೊಸಾ ರಸ್ತಾ, ಅದ ಅನೀಲಕುಮಾರ. ಮುಂಜಾನಿ ಅವನ್ನ ಸೋಲಿಸಿದಿ, ಎರಡನೇ ಟೈಮಿನ ಮ್ಯಾಲ ಅವನೂ ಫೈನಲ್ಲಿಗೆ ಬಂದ. ಹದಿಮೂರೂವರಿ ಸೆಕೆಂಡ. ಗಾಲಿ ಜಾರಲಿಲ್ಲ, ಹೊಗಿ ಬರಲಿಲ್ಲ. ಮಧ್ಯಾಹ್ನ ಫೈನಲ್‌ನ್ಯಾಗ ಹದಿನಾಲ್ಕ ದಾಟ್ತು. ಅದಕ್ಕ ನಾ ಏನ ಮಾಡ್ಲಿ? ಬಿಸಲವಾ ಬಿಸಲು! ಡಾಂಬರ ಕಾದು ಮೆತ್ತಗಾಗಿತ್ತು... ತಲಿ ಅಳ್ಳಾಡಿಸಬ್ಯಾಡ. ಕಾದ ರಸ್ತಾದ ಮ್ಯಾಲ ಟಾಯರ ಇನ್ನೂ ಗಟ್ಟಿ ಹಿಡಿತೈತಿ ಅಂತ ನಿನಗ ನಾನ ಹೇಳಿದ್ದು, ನೆನಪೈತಿ. ಹಂಗಾರ ಮಣ್ಣು. ಹತ್ತಿ ಟ್ರ್ಯಾಕ್ಟರ ಅಡ್ಡ ದಾಟಿ ಎರಿ ಮಣ್ಣ ಚೆಲ್ಲಿ ಹೋಗಿತ್ತಲ್ಲ... ಕಸಬರಿಗೀಲೆ ಬಳದಿದ್ರಾ? ಯಾರು, ನೀನಾ? ಯಾವಾಗ?... ಹಂಗಾರ ಕ್ಲಚ್ಚು! ಏ, ಏನರ ಒಂದ ಇರ್ತೈತಿ ಬಿಡ. ಮಶೀನ ಅದು!

ಹಿಂಗ ಸುಮ್ಮ ಕುಂತ್ರ ನನಗ ಸಿಟ್ಟ ಬರ್ತೈತಿ ನೋಡ. ಬೈಯಿ, ಇಲ್ಲಾ ಅಳು, ಏನರ ಒಂದ ಮಾಡು. ಕೊಯಮತ್ತೂರು ಕೈ ತಪ್ಪಿ ಹೋತಂತ ನಿನಗ ಸಂಕಟ ಆಗೇತಿ, ಅಷ್ಟೂ ತಿಳಿಯೂದಿಲ್ಲೇನ ನನಗ? ಗೆದ್ದವರಿಗೆ ಅಲ್ಲಿ ರೇಸಿನ ತಂಡದಾಗ ಆರ ತಿಂಗಳ ತರಬೇತಿ. ಒಂದ ಸೀಟು. ಆ ಸೀಟಿನ ಸಲುವಾಗಿ ಮೂರ ವರ್ಷ... ಗುಜರಿಗೆ ಬಿದ್ದಿದ್ದ ಗಾಡಿ ತಂದು ಒಂದೊಂದ ನಟ್ಟ ಬಿಚ್ಚಿ ಕೂಡಿಸಿದಿ. ಎಂಜಿನ್ ಇಳಿಸಿದ್ದು ನೀನು, ಗೇರಬಾಕ್ಸ ಏರಿಸಿದ್ದು ನೀನು. ನನ್ನ ಮಗಳಂಥಾ ಮೇಸ್ತ್ರಿ ಸಿಂದಗ್ಯಾಗ ಇಲ್ಲ ಅಂತ ಎಲ್ಲಾರ ಮುಂದ ಹೇಳ್ತೇನಿ. ನಾ ನಿನ್ನ ಎಂದರ ತಡದೇನಾ? ಇಂಡಿ ಊರಾಗಿನ ನಿಮ್ಮ ಅತ್ತಿ ಸಿದ್ದೀಕಾ, 'ಹುಡುಗಿ ಕೈಯಾಗ ಸ್ಟೇರಿಂಗ ಯಾಕ' ಅಂದಾಗ ಸ್ವಂತ ತಂಗೀ ಕೂಡ ಜಗಳಾ ಮಾಡಿದಾಂವ ನಾ! ತಡದೇನಾ? ಹೇಳು! ತಡದೇನಾ?

ಎಲ್ಲಿ ಹೊಂಟಿ? ಬಾ, ಚಾ ಕುಡಿಯೂಣು... ಹಿಂದಿನ ಗಾಲಿ ಮುಂದ ಕುಂತು ಏನ ಮಾಡ್ತಿ? ಗಾಳಿ ಮೀಟರ ಯಾಕ ತಗೊಂಡಿ? ಇಡ ಅದನ್ನ. ಮೆಹನಾಜ, ಇಡ ಅಂದ್ನೆಲಾ! ಮುಂಜಾನಿ ಇದ್ದಂಗ ಇಪ್ಪತ್ತಾರ ಗಾಳಿ ಐತಿ. ಫೈನಲ್ಲಿಗೆ ಮೊದಲ ನಾನ ಚೆಕ್ ಮಾಡೇನಿ. ನೀ ಊಟಾ ಮಾಡ ಹೋಗು, ಗಾಳಿ ನಾ ನೋಡ್ತೇನಿ ಅಂತ ಕಳಿಸಿದ್ನಿಲ್ಲ...

ಎತ್ತಿ ತೋರಸಬ್ಯಾಡ. ನನ್ನ ಕಣ್ಣ ಇನ್ನೂ ಚಲೋ ಅದಾವ.

ನಲವತ್ತೆಂಟು.

ಮೀಟರ ಕೆಟ್ಟಿರಬೇಕು.

ಬ್ಯಾಡ... ಬ್ಯಾಡವಾ, ಆ ಕಡೀ ಗಾಲಿ ನೋಡಬ್ಯಾಡ. ಅದರಾಗೂ ಅಷ್ಟ ಐತಿ.

ಹೌದು. ನಾನ ಹೊಡದೆ. ಟ್ರ್ಯಾಕ್ಟರ ಎರಿ ಹೊಲದಾಗ ಸಿಕ್ಕೊಂಡ್ರ ಗಾಳಿ ಇಳಸಬೇಕು, ಟಾಯರ ನೆಲಾ ಹಿಡಿತೈತಿ, ಗಾಳಿ ಏರಿಸಿದ್ರ ಜಾರ್ತೈತಿ ಅಂತ ಒಂಬತ್ತ ವರ್ಷದಾಕಿ ಇದ್ದಾಗ ಇಂಗಳೇಶ್ವರದ ಹೊಲದಾಗ ನಿನಗ ತೋರಿಸಿದಾಂವ ನಾ. ಗೊತ್ತಿಲ್ದ ಮಾಡಿದ್ನೇನ? ಗೊತ್ತಿದ್ದ ಮಾಡೇನಿ. ಮುಂಜಾನಿ ನೀ ಗೆದ್ದೆಲಾ, ಆವಾಗ ನೋಡಿದೆ. ಕಣ್ಣ ಮುಚ್ಚಿ ತೆರಿಯೂದ್ರಾಗ ಸಣ್ಣ ಚುಕ್ಕಿ ಆಗಿ ಹೋದಿ. ಇಪ್ಪತ್ತೆರಡ ವರ್ಷ ಆತು ನಾ ಕ್ರೇನ ಹೊಡಿಯಾಕತ್ತು. ಹೆದ್ದಾರಿ ಮ್ಯಾಲ ನುಜ್ಜಾದ ಗಾಡಿ ಎತ್ತಿ ತರಾಂವ. ಖಾಲೀ ಗಾಡಿ ಅಷ್ಟ ತರ್ತೇನಂತ ತಿಳದಿ ಏನ? ಒಮ್ಮೊಮ್ಮಿ ಪೋಲೀಸರಕಿಂತ ಮೊದಲ ಮುಟ್ಟಿರ್ತೇನಿ. ಸೀಟಿನ ಮ್ಯಾಲ ಏನ ನೋಡ್ತೇನಿ ಅಂತ ನಿಮ್ಮವ್ವಗೂ ಹೇಳಿಲ್ಲ. ಇವತ್ತ ಆ ಸೀಟಿನ್ಯಾಗ ನೀ ಕಂಡಿ. ಹೆದರಿಕಿ ಬಂತವಾ ನನಗ. ಹೋಗಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ಎಲ್ಲಾರ ಮುಂದ ಶಾಣ್ಯಾ ಅಪ್ಪ ಆಗಿ ಕುಂತಿದ್ನೆಲಾ... ಕಳ್ಳನಂಗ ಗಾಳಿ ಹೊಡದೆ. ನೀ ಬದುಕಲಿ ಅಂತ ಹೊಡದೆ!

ಕೈ ಹಂಗ ಯಾಕ ತಿರುವತಿ? ಏನದು... ಗಾಡಿ? ಹಾಂ, ಫೈನಲ್‌ನ್ಯಾಗ ಬಾಲಾ ಎಡಕ್ಕ ಹೊಳ್ಳಿತ್ತು. ನೋಡೇನಿ. ರಸ್ತಾ ಬಾಜೂಕಿನ ಕಾಲುವಿ ಕಡೆ. ನೀ ಸ್ಟೇರಿಂಗ ತಿರುವಿ ಹಿಡಿದಿ, ಇಲ್ಲಾಂದ್ರ...

ಇಲ್ಲಾಂದ್ರ ನಾನ ಕ್ರೇನ ತಗೊಂಡ ಬರಬೇಕಿತ್ತು.

ಅದು ನನ್ನ ತಲ್ಯಾಗ ಬರಲಿಲ್ಲ, ಬೇಟಾ. ಅಲ್ಲಾನ ಆಣಿ, ಬರಲಿಲ್ಲ. ಇಷ್ಟ ವರ್ಷದ ಮೇಸ್ತ್ರಿ ನಾ... ಏನರ ಅನ್ನು. ಕೈ ಮುಗೀತೇನಿ, ಒಂದ ಮಾತ ಆಡು.

ಫೋನ ಯಾಕ ಕೊಡ್ತಿ? ಯಾರಿಗೆ ಹಚ್ಚಿದಿ? ಚನ್ನಬಸಯ್ಯ... ರೇಸ ನಡಿಸಿದವರಿಗಾ? ಬ್ಯಾಡ, ನಾಳೆ ನಾನ ಹೋಗಿ ಭೆಟ್ಟಿ ಆಗ್ತೇನಿ, ಖರೇನ ಹೇಳ್ತೇನಿ... ರಿಂಗ ಆಗಾಕತ್ತೈತಿ, ಮೆಹನಾಜ. ಏನಂತ ಹೇಳ್ಲಿ? ಮಂದಿ ಏನಂದಾರು? ಹಂಗ ನೋಡಬ್ಯಾಡ... ಹಲೋ. ಹಾಂ, ಚನ್ನಬಸಯ್ಯನವರ? ನಾನ್ರಿ, ಸಿಂದಗಿ ಯಾಸೀನ ಮೇಸ್ತ್ರಿ. ಇಲ್ರಿ, ಗಾಡಿ ಚಲೋ ಐತ್ರಿ. ಎರಡ ಗಾಲಿ, ನಾಕ ಗಾಲಿ, ಅದೇನೂ ಅಲ್ರಿ. ಮಗಳೂ ಸರಿ ಹೊಡದಾಳ್ರಿ... ಫೈನಲ್ಲಿಗೆ ಮೊದಲ ಟಾಯರಿಗೆ ಗಾಳಿ ಹೊಡದು ಅಕೀನ್ನ ಸೋಲಿಸಿದಾಂವ ನಾನ್ರಿ.